ಮುಂದಿನೆರಡಕ್ಕೆ ಗೀರು

ನಮ್ಮ ಜೀಪಿನ ಎಡಗಡೆ ಬಾಗಿಲನ್ನು ಒಳಗಿನಿಂದ ತೆಗೆಯಲು ಬರುವುದಿಲ್ಲ. ಹೊರಗೆ ನಿಂತು ಹಿಡಿ ಎತ್ತಿ, ಮೊಣಕಾಲಿನಿಂದ ಒಂದು ಗುದ್ದು ಕೊಟ್ಟರೆ ಮಾತ್ರ ಬಾಯಿ ಬಿಡುತ್ತದೆ. ಅದು ಹಾಗೇ ಉಳಿದಿರುವುದಕ್ಕೆ ಕಾರಣ ಬಡತನವಲ್ಲ, ಸೋಮಾರಿತನವೂ ಅಲ್ಲ. ಲಾಕನ್ನೇ ಬದಲಾಯಿಸಬೇಕು ಎಂದು ನನ್ನ ಗಂಡ, ಒಂದು ಸ್ಪ್ರಿಂಗ್ ಹಾಕಿದರೆ ಸಾಕು ಎಂದು ನನ್ನ ಅಣ್ಣ. ಇಬ್ಬರೂ ಪಟ್ಟು ಬಿಡಲಿಲ್ಲ. ಎಡಗಡೆ ಕೂತವರನ್ನು ಇಳಿಸಲು ನಾನು ಪ್ರತಿ ಸಲವೂ ಗಾಡಿ ಸುತ್ತಿ ಬರುತ್ತೇನೆ.

ಇವರಿಬ್ಬರೂ ಪಾಲುದಾರರು. ಕೆಳಗೆ ಟೈರ್ ಅಂಗಡಿ, ಮೇಲೆ ಮನೆ. ಮದುವೆಯಾದರೆ ಬೇರೆ ಮನೆಗೆ ಹೋಗುತ್ತೇನೆಂದು ನಾನೂ ಅಂದುಕೊಂಡಿದ್ದೆ. ಅಣ್ಣ ತನ್ನ ಪಾಲುದಾರನಿಗೇ ನನ್ನನ್ನು ಕೊಟ್ಟು ಕೈತೊಳೆದುಕೊಂಡ. ನಾನು ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಹೋದೆ, ಅಷ್ಟೇ. ಅಣ್ಣನಂತೂ ಮದುವೆಯಾಗಲೇ ಇಲ್ಲ. ಜಗಳಕ್ಕೆ ನನ್ನ ಗಂಡ ಇದ್ದರಲ್ಲ, ಇನ್ನೊಬ್ಬರು ಯಾಕೆ ಬೇಕಿತ್ತು ಅವನಿಗೆ?

ಗಾಳಿ ಎಷ್ಟು ಹಿಡಿಸಬೇಕು, ಹಳೇ ಟೈರನ್ನು ಒಳಗಿಡಬೇಕೋ ಹೊರಗಿಡಬೇಕೋ, ಕಾಫಿಗೆ ಸಕ್ಕರೆ ಮೊದಲೋ ಹಾಲು ಮೊದಲೋ, ಎಲ್ಲದಕ್ಕೂ ವಾದ. ವಾದ ಏರಿತೆಂದರೆ ಮೆಟ್ಟಿಲಿನ ಕಡೆಗೆ ತಿರುಗಿ ಕೂಗು. "ಪುಟ್ಟೀ, ನೀನೇ ಹೇಳು!" ಅಂತ ಅಣ್ಣ. "ಇವಳೇ, ನಾನು ಹೇಳಿದ್ದು ಹೌದಲ್ವೇನೇ?" ಅಂತ ಗಂಡ. ಒಲೆಯ ಮೇಲೆ ಏನೇ ಇರಲಿ, ಆರಿಸಿ ಇಳಿದು ಬಂದು ತೀರ್ಪು ಹೇಳಬೇಕು. ಬೀದಿಯವರು ನನಗೆ ಜಡ್ಜಮ್ಮ ಅಂತಲೇ ಹೆಸರಿಟ್ಟಿದ್ದಾರೆ. ಜಡ್ಜಮ್ಮನ ತೀರ್ಪನ್ನು ಈ ಇಬ್ಬರು ಮಹಾನುಭಾವರು ಒಂದು ದಿನವೂ ಪಾಲಿಸಿದವರಲ್ಲ ಎಂಬುದು ಬೀದಿಗೆ ಗೊತ್ತಿಲ್ಲ.

ಉಸಿರು ಕಟ್ಟುತ್ತದೆ ಅಂತ ಬಾಯಿ ಬಿಟ್ಟು ಯಾರ ಹತ್ತಿರ ಹೇಳಲಿ? ಹೊಡೆಯುವವರಲ್ಲ, ಬಯ್ಯುವವರಲ್ಲ. ಊಟಕ್ಕೆ ಕೂತರೆ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ, ನಡುವೆ ನಾನು. ಎರಡೂ ಕಿವಿಗೆ ಮಾತು ಬೀಳುತ್ತಲೇ ಇರುತ್ತದೆ. ಜೀಪು ಓಡಿಸುವಾಗ ಮಾತ್ರ ನಾನು ಒಬ್ಬಳೇ. ಸವೆದ ಟೈರುಗಳನ್ನು ಹೊಸ ರಬ್ಬರ್ ಪಟ್ಟಿ ಹಾಕಿಸಲು ರೀಸೋಲಿಗೆ ಒಯ್ಯುವುದು, ಗುಡ್ಡದ ದಾರಿಯಲ್ಲಿ ಪಂಕ್ಚರಾಗಿ ನಿಂತ ಲಾರಿಗೆ ಟೈರ್ ಮುಟ್ಟಿಸುವುದು ನನ್ನ ಕೆಲಸ. ಆ ಕೆಲಸ ಇಲ್ಲದಿದ್ದರೆ ಎಂದೋ ತಲೆಕೆಟ್ಟು ಹೋಗುತ್ತಿತ್ತು.

ಹಾಗೆ ಹೋದಾಗಲೇ ಗುಡ್ಡದ ಮೇಲಿನ ಅಣೆಕಟ್ಟೆ ಕಚೇರಿಗೆ ಡ್ರೈವರ್ ಬೇಕಾಗಿದ್ದಾರೆ ಅಂತ ತಿಳಿದದ್ದು. ವಾರವಿಡೀ ಮೇಲೇ ಇರಬೇಕು, ರಜೆಯ ದಿನ ಮನೆಗೆ ಬರಬಹುದು. ಇರಲು ಕೋಣೆ ಕೊಡುತ್ತಾರೆ. ಕಾವಲಿನವನು ಬಾಗಿಲು ತೆರೆದು ಕೋಣೆ ತೋರಿಸಿದ. ಒಂದು ಮಂಚ, ಒಂದು ಕಿಟಕಿ, ಗೋಡೆಗೆ ಒರಗಿಸಿಟ್ಟ ಒಂದೇ ಒಂದು ಕುರ್ಚಿ. ಆ ಒಂದು ಕುರ್ಚಿಯನ್ನು ನೋಡಿ ನನಗೆ ಎಷ್ಟು ಆಸೆಯಾಯಿತೆಂದರೆ, ಚಿನ್ನದ ಅಂಗಡಿಯಲ್ಲೂ ನನಗೆ ಹಾಗೆ ಆಗಿರಲಿಲ್ಲ. ಅಲ್ಲೇ ಅರ್ಜಿ ಕೊಟ್ಟು ಬಂದೆ.

ಆ ಕಚೇರಿಯ ಇಂಜಿನಿಯರ್ ಮೇಡಂ ಹೇಳಿ ಕಳಿಸಿದರು: ನಿಮ್ಮ ಗಾಡಿ ಓಡಿಸಿಕೊಂಡು ಮೇಲೆ ಬನ್ನಿ, ಆ ರಸ್ತೆಯಲ್ಲಿ ಬಂದು ಮುಟ್ಟುವುದೇ ಅರ್ಧ ಪರೀಕ್ಷೆ. ಮಧ್ಯಾಹ್ನದ ಸೈರನ್ ಆಗುವುದರೊಳಗೆ ಬರಬೇಕು, ಆಮೇಲೆ ನಾನು ಇರುವುದಿಲ್ಲ.

ಮನೆಯಲ್ಲಿ ಹೇಳಿದೆ. ಇಬ್ಬರೂ ಬೇಡ ಅನ್ನಲಿಲ್ಲ. ಅಷ್ಟು ದೂರ ಯೋಚನೆ ಹೋಗಲೇ ಇಲ್ಲ ಅವರಿಗೆ. ಆ ರಸ್ತೆಗೆ ಯಾವ ಟೈರು ಎಂಬಲ್ಲೇ ನಿಂತುಬಿಟ್ಟರು. ಜೀಪಿನ ಹಳೇ ಟೈರುಗಳು ಬೋಳಾಗಿ ರೀಸೋಲಿಗೆ ಹೋಗಿದ್ದವು. ಹೊಸ ನಾಲ್ಕು ಬಂದಿದ್ದವು, ಕಲ್ಲುಮಣ್ಣಿನ ದಾರಿಗೆಂದೇ ಮಾಡಿದವು. ಮೇಲೆ ಎದ್ದು ನಿಂತ ದಪ್ಪ ರಬ್ಬರ್ ತುಂಡುಗಳಿಗೆ ನಮ್ಮ ಅಂಗಡಿಯಲ್ಲಿ ಬಟನ್ ಅನ್ನುತ್ತೇವೆ. ಆ ಬಟನ್‌ಗಳ ಮೇಲೆ ಸೋಪಿನ ನೀರು ಸವರಿ, ಬ್ಲೇಡಿನಿಂದ ಅಡ್ಡಡ್ಡ ತೆಳ್ಳಗೆ ಗೀರು ಹಾಕಬೇಕೋ ಬೇಡವೋ? ಸೈಪಿಂಗ್ ಅಂತ ಅದಕ್ಕೊಂದು ದೊಡ್ಡ ಹೆಸರಿದೆ. ನಮ್ಮ ಮನೆಯಲ್ಲಿ ಅದರ ಹೆಸರು ಮೂರನೇ ಮಹಾಯುದ್ಧ.

"ಗೀರು ಹಾಕ್ಲೇಬೇಕು ಭಾವ," ಅಂದರು ನನ್ನ ಗಂಡ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಅಂತಲೇ ಕರೆಯುವುದು. "ಕೆಳಗೆಲ್ಲ ನೆನೆದ ಡಾಂಬರು. ಇಷ್ಟು ದಪ್ಪ ಬಟನ್ನು ಬಗ್ಗಲ್ಲ, ನೀರಿನ ಮೇಲೆ ಜಾರುತ್ತೆ. ಗೀರು ಹಾಕಿದ್ರೆ ಬಟನ್ ಬಿಚ್ಕೊಂಡು ನೆಲ ಕಚ್ಚುತ್ತೆ, ಒಂದೊಂದು ಗೀರಿನ ಅಂಚೂ ಹಿಡಿತ ಕೊಡುತ್ತೆ. ಬ್ರೇಕ್ ಹಾಕಿದ ಕಡೆ ಗಾಡಿ ನಿಲ್ಲುತ್ತೆ."

"ಡಾಂಬರು ಮುಗಿದ್ಮೇಲೆ ಏನ್ಮಾಡ್ತೀರಿ?" ಅಂದ ಅಣ್ಣ. "ಮೇಲೆ ಇರೋದೆಲ್ಲ ಚೂಪು ಕಲ್ಲು. ಗೀರು ಹಾಕಿದ ಬಟನ್ ಕಲ್ಲಿಗೆ ಸಿಕ್ಕಿದ್ರೆ ತುಂಡು ತುಂಡಾಗಿ ಕಿತ್ಕೊಂಡು ಬರುತ್ತೆ. ಗೀರೊಳಗೆ ಕಲ್ಲಿನ ಚೂರು ಸೇರ್ಕೊಂಡು ಇನ್ನೂ ಸೀಳುತ್ತೆ. ಬೇಗ ಸವೆಯುತ್ತೆ. ಬ್ಲೇಡ್ ತಾಗಿಸಿದ ಟೈರಿಗೆ ಕಂಪನಿಯವರು ಗ್ಯಾರಂಟೀನೂ ಕೊಡಲ್ಲ."

"ಗ್ಯಾರಂಟಿ ಕಟ್ಕೊಂಡು ಹಳ್ಳಕ್ಕೆ ಬೀಳ್ತೀರಾ?"

"ಹಿಡಿತ ಕಟ್ಕೊಂಡು ಪಂಕ್ಚರಾಗಿ ಕೂತ್ಕೊಳ್ತೀರಾ?"

ನನಗೆ ಹೊಟ್ಟೆ ಉರಿಯುವುದು ಏನಕ್ಕೆಂದರೆ, ಇಬ್ಬರು ಹೇಳುವುದೂ ಸರಿಯೇ. ಒಬ್ಬರಾದರೂ ಶುದ್ಧ ತಪ್ಪಾಗಿದ್ದರೆ ನನ್ನ ಜೀವನ ಎಷ್ಟೋ ಸುಖವಾಗಿರುತ್ತಿತ್ತು.

"ಪುಟ್ಟೀ, ನೀನೇ ಹೇಳು!"

"ಗೀರು ಹಾಕಿದ್ರೂ ಸರಿ, ಬಿಟ್ರೂ ಸರಿ," ಅಂದೆ. "ನಾಲ್ಕಕ್ಕೂ ಒಂದೇ ಥರ ಮಾಡಿ. ಹೇಗಿದ್ರೂ ನಾನು ಅದಕ್ಕೆ ತಕ್ಕ ಹಾಗೆ ಓಡಿಸ್ಕೊಳ್ತೀನಿ."

ಇಬ್ಬರೂ ನನ್ನ ಮುಖ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಯವರೆಗೆ ನಡೆಯದೇ ಇದ್ದದ್ದು ಆಗ ನಡೆಯಿತು: ಇಬ್ಬರೂ ಒಪ್ಪಂದಕ್ಕೆ ಬಂದರು. ಮುಂದಿನೆರಡು ಟೈರಿಗೆ ಗೀರು, ಹಿಂದಿನೆರಡಕ್ಕೆ ಬೇಡ. ನಿಮ್ಮದೂ ಇರಲಿ, ನಮ್ಮದೂ ಇರಲಿ. ಯಾರದ್ದು ಗೆಲ್ಲುತ್ತದೋ ರಸ್ತೆಯೇ ಹೇಳಲಿ.

"ಅಯ್ಯೋ, ಗಾಡಿ ಒಂದೇ ಅಲ್ವೇನ್ರೀ!" ಅಂದೆ. "ಮುಂದಿನ ಚಕ್ರ ಹಿಡಿದು ಹಿಂದಿನದು ಜಾರಿದ್ರೆ ಗಾಡಿ ಸುತ್ತು ಹೊಡೆಯುತ್ತೆ. ಇದೊಂದು ಬೇಡ, ಕಾಲಿಗೆ ಬೀಳ್ತೀನಿ."

"ನಾವಿಬ್ರೂ ಅಪರೂಪಕ್ಕೆ ಒಪ್ಪಿದೀವಿ, ಅದಕ್ಕೂ ಕಲ್ಲು ಹಾಕ್ತೀಯಲ್ಲೇ," ಅಂದರು ಗಂಡ.

"ಇವಳಿಗೆ ಸುಮ್ನೆ ಭಯ, ಬಿಡಿ ಭಾವ," ಅಂದ ಅಣ್ಣ.

ಇಬ್ಬರೂ ನಗುತ್ತಾ ಸ್ಟೂಲು ಎಳೆದುಕೊಂಡು ಕೂತರು. ಒಬ್ಬರು ಟೈರ್ ಹಿಡಿದರು, ಒಬ್ಬರು ಗೀರು ಹಾಕಿದರು. ಅಷ್ಟು ಪ್ರೀತಿಯಿಂದ ಜೊತೆಗೆ ಕೆಲಸ ಮಾಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ, ಸುಮ್ಮನೆ ಮೇಲೆ ಹೋದೆ.

ಮರುದಿನ ಬೆಳಿಗ್ಗೆ ಹೊರಡುವಾಗ ನೋಡಿದರೆ ಇಬ್ಬರೂ ಜೀಪಿನಲ್ಲಿ ಕೂತಿದ್ದಾರೆ, ಅಣ್ಣ ಮುಂದೆ, ಗಂಡ ಹಿಂದೆ. ಫಲಿತಾಂಶ ನೋಡಬೇಕಂತೆ. ನನ್ನ ಪರೀಕ್ಷೆಯದ್ದಲ್ಲ, ಟೈರಿನದ್ದು.

ಡಾಂಬರು ಇರುಳೆಲ್ಲ ನೆನೆದು ಹೊಳೆಯುತ್ತಿತ್ತು. ಮೊದಲ ಏರು ಸಲೀಸಾಗಿ ಹತ್ತಿತು. ತಿರುವಿನಲ್ಲಿ ಮೂತಿ ಹೇಳಿದ ಕಡೆ ತಿರುಗಿತು. "ಹೇಗಿದೆ ಹಿಡಿತ?" ಅಂತ ಹಿಂದಿನಿಂದ ಗಂಡ. "ತಳ್ತಾ ಇರೋದು ಹಿಂದಿನ ಚಕ್ರ, ಮರೀಬೇಡಿ," ಅಂತ ಪಕ್ಕದಿಂದ ಅಣ್ಣ. ನಾನು ನಿಧಾನವಾಗಿ ಓಡಿಸಿದೆ. ಹಿಂಭಾಗ ಆಗಾಗ ಸಣ್ಣಗೆ ಓಲಾಡುವುದು ಸೀಟಿನಲ್ಲೇ ನನಗೆ ತಿಳಿಯುತ್ತಿತ್ತು.

ಅರ್ಧ ದಾರಿಯಲ್ಲಿ ಒಂದು ಹಳ್ಳ, ಅದರ ಮೇಲೆ ಒಂದೇ ಗಾಡಿ ಹಿಡಿಯುವಷ್ಟು ಅಗಲದ ಸೇತುವೆ, ಎರಡೂ ಕಡೆ ಸೊಂಟದೆತ್ತರದ ಕಲ್ಲುಗೋಡೆ. ಸೇತುವೆಗೆ ಮೊದಲು ರಸ್ತೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲು ಇಟ್ಟೆ, ಇಟ್ಟೆನಷ್ಟೇ. ಮುಂದಿನ ಚಕ್ರಗಳು ನೆಲ ಕಚ್ಚಿದವು. ಹಿಂದಿನವು ಕಚ್ಚಲಿಲ್ಲ. ಜೀಪಿನ ಬಾಲ ಎಡಕ್ಕೆ ಬೀಸಿತು. ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕೇಳಲಿಲ್ಲ. ಸೇತುವೆಯ ಮೇಲೆ ಓರೆಯಾಗಿ ನುಗ್ಗಿ ಢಂ ಅಂತ ನಿಂತಿತು. ಮುಂದಿನ ಬಲಮೂಲೆ ಬಲಗೋಡೆಗೆ, ಹಿಂದಿನ ಬಾಗಿಲಿಗೆ ಬಿಗಿದ ಸ್ಟೆಪ್ನಿ ಎಡಗೋಡೆಗೆ.

ಯಾರಿಗೂ ಏನೂ ಆಗಲಿಲ್ಲ.

ನನ್ನ ಕಡೆಯ ಬಾಗಿಲು ನಾಲ್ಕು ಬೆರಳು ತೆರೆದು ಗೋಡೆಗೆ ತಾಗಿತು. ಹಿಂದಿನ ಬಾಗಿಲನ್ನು ಗೋಡೆಯೇ ಒತ್ತಿ ಹಿಡಿದಿತ್ತು. ಉಳಿದದ್ದು ಅಣ್ಣನ ಕಡೆಯ ಬಾಗಿಲು. ಅದರ ಮುಂದೆ ರಸ್ತೆ ಖಾಲಿ ಬಿದ್ದಿತ್ತು. ಅಣ್ಣ ಹಿಡಿ ಎಳೆದ, ಗುದ್ದಿದ, ಹೆಗಲು ಕೊಟ್ಟು ತಳ್ಳಿದ. ಅದರ ಗಾಜೂ ಎಂದೋ ಕೆಟ್ಟು, ಇಳಿಯುತ್ತಿರಲಿಲ್ಲ. ಒಳಗಿನಿಂದ ಎಂದೂ ತೆಗೆಯದ ಬಾಗಿಲು ಅವತ್ತು ಮಾತ್ರ ಯಾಕೆ ತೆಗೆದೀತು?

"ಲಾಕ್ ಬದಲಾಯಿಸಿ ಅಂದಿದ್ದೆ," ಅಂದರು ಗಂಡ.

"ಸ್ಪ್ರಿಂಗ್ ಹಾಕೋಕೆ ಬಿಟ್ಟಿದ್ರೆ ತಾನೇ," ಅಂದ ಅಣ್ಣ.

ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಎಂಜಿನ್ ಚಾಲೂ ಮಾಡಿದೆ. ಹಿಂದಕ್ಕೆ ತಗೋ ಅಂದರು ಒಬ್ಬರು, ಮುಂದಕ್ಕೆ ತಗೋ ಅಂದ ಇನ್ನೊಬ್ಬ. ಹಿಂದಕ್ಕೆ ಹಾಕಿದರೆ ಸ್ಟೆಪ್ನಿ ಗೋಡೆಯನ್ನು ಉಜ್ಜಿತು, ಮುಂದಕ್ಕೆ ಹಾಕಿದರೆ ಚಕ್ರ ನಿಂತಲ್ಲೇ ಗಿರಗಿರ ಸುತ್ತಿ ರಬ್ಬರ್ ವಾಸನೆ ಬಂತು. ಆ ವಾಸನೆ ಬಂದದ್ದೇ ತಡ, ಮನೆಯ ಮೆಟ್ಟಿಲ ಮೇಲೆ ನಿಂತಂತಾಯಿತು ನನಗೆ. ಎಂಜಿನ್ ಆರಿಸಿದೆ. ಸೈರನ್ ಆಗುವುದರೊಳಗೆ ಮೇಲೆ ಹೋಗಬೇಕಿತ್ತು. ಗಾಜಿನ ಮೇಲೆ ನಮ್ಮ ಮೂವರ ಉಸಿರು ಮಂಜಾಗಿ ಕೂರುತ್ತಿತ್ತು.

"ಹಿಂದಿನದಕ್ಕೂ ಗೀರಿದ್ದಿದ್ರೆ ಹೀಗಾಗ್ತಿತ್ತಾ?" ಅಂದರು ಗಂಡ.

"ಮುಂದಿನದಕ್ಕೆ ಗೀರಿಲ್ದೆ ಇದ್ದಿದ್ರೆ ಹೀಗಾಗ್ತಿತ್ತಾ?" ಅಂದ ಅಣ್ಣ.

"ಇವಳೇ, ನೀನೇ ಹೇಳು."

"ಹೇಳು ಪುಟ್ಟಿ, ಯಾರದ್ದು ತಪ್ಪು?"

ನಾನು ಬಾಯಿ ತೆರೆದಿದ್ದರೆ ಕಿರುಚುತ್ತಿದ್ದೆ. ಸ್ಟೇರಿಂಗ್ ಹಿಡಿದು ಎದುರಿನ ಗೋಡೆಯ ಕಲ್ಲುಗಳನ್ನು ನೋಡುತ್ತಾ ಕೂತೆ. ಆಮೇಲೆ ಅಣ್ಣ ಗಂಟಲು ಸರಿಮಾಡಿಕೊಂಡ.

"ಏನೇ ಹೇಳಿ ಭಾವ, ಅಲ್ಲಿ ಬ್ರೇಕ್ ತುಳೀಬಾರ್ದಿತ್ತು."

"ಅದೊಂದು ನಿಜ ನೋಡಿ," ಅಂದರು ನನ್ನ ಗಂಡ. "ಟೈರ್ ಏನ್ಮಾಡುತ್ತೆ ಪಾಪ. ಬ್ರೇಕ್ ತುಳಿದಿದ್ದೇ ತಪ್ಪು."

"ದಿನಾ ಈ ರಸ್ತೇಲಿ ಇವಳೊಬ್ಬಳನ್ನೇ ಬಿಡೋದು ಹೇಗೆ?"

"ನಾನೂ ಅದನ್ನೇ ಹೇಳೋಣ ಅಂತಿದ್ದೆ. ಈ ಕೆಲಸ ಬೇಡ ಬಿಡಿ. ಯಾರಾದ್ರೂ ಬರ್ತಾರೆ, ಬಾಗಿಲು ತೆಗೀತಾರೆ, ವಾಪಸ್ ಹೋಗೋಣ."

"ಹೂಂ, ಅದೇ ಸರಿ."

ಅಷ್ಟೇ. ತೀರ್ಮಾನವಾಗಿ ಹೋಯಿತು. ನನ್ನ ಎಡಕ್ಕೊಬ್ಬರು ಹಿಂದಕ್ಕೊಬ್ಬರು ಕೂತು, ನನ್ನ ತಲೆಯ ಮೇಲಿಂದಲೇ ಮಾತಾಡಿ ಮುಗಿಸಿದರು. ಜನ್ಮದಲ್ಲಿ ಎರಡು ಸಲ ಒಪ್ಪಿದರು ಇವರು. ಮೊದಲನೆಯದ್ದು ಗಾಡಿಯನ್ನು ಗೋಡೆಗೆ ಸಿಕ್ಕಿಸಿತು, ಎರಡನೆಯದ್ದು ನನ್ನನ್ನು. ಬಯ್ಯಬೇಕೆಂದರೆ ಇಬ್ಬರ ದನಿಯಲ್ಲೂ ಕಾಳಜಿಯೇ ಇತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು. ಉಸಿರಿಗೆ ಗಾಳಿ ಸಾಲದೆ ನನ್ನ ಪಕ್ಕದ ಗಾಜನ್ನು ಪೂರ್ತಿ ಇಳಿಸಿದೆ.

ಇಳಿಸಿದ ಮೇಲೆ ಕಂಡಿತು. ಗೋಡೆಯ ತಲೆ ಕಿಟಕಿಯ ಕೆಳಗೇ ಇತ್ತು. ಎರಡು ಅಂಗೈ ಅಗಲ, ಹಾವಸೆ ಹಿಡಿದ ಕಲ್ಲು. ಅದರಾಚೆ ಆಳದಲ್ಲಿ ಹಳ್ಳದ ನೀರು ಬಂಡೆಗಳ ನಡುವೆ ಹರಿಯುತ್ತಿತ್ತು. ಬಾಗಿಲು ಬಾಗಿಲು ಅಂತ ಇಷ್ಟು ಹೊತ್ತು ಮೂವರೂ ಒದ್ದಾಡಿದ್ದೆವಲ್ಲ, ನನ್ನ ಕಿಟಕಿಯನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾನೂ ಹಿಡಿದಿರಲಿಲ್ಲ.

ಚಪ್ಪಲಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಏನ್ಮಾಡ್ತಿದೀಯಾ?" ಅಂದ ಅಣ್ಣ.

"ಲೇ, ಹುಚ್ಚು ಹಿಡೀತೇನೇ? ಬಿದ್ರೆ ಹಳ್ಳಕ್ಕೆ ಬೀಳ್ತೀಯ!" ಅಂತ ಗಂಡ ಹಿಂದಿನಿಂದ ನನ್ನ ಹೆಗಲು ಹಿಡಿದರು.

"ಬಿಡ್ರೀ ಕೈ!" ಅಂದೆ. ಆ ದನಿ ನನ್ನದೇ ಅಂತ ನನಗೇ ನಂಬಿಕೆ ಬರಲಿಲ್ಲ. ಕೈ ಬಿಟ್ಟರು.

ಮೊದಲು ತಲೆ, ಆಮೇಲೆ ಹೆಗಲು. ಜೀಪಿನ ಟಾಪಿನ ಕಂಬಿ ಹಿಡಿದು ಕಿಟಕಿಯ ಅಂಚಿನ ಮೇಲೆ ಕೂತೆ, ಕಾಲು ಒಂದೊಂದಾಗಿ ಎಳೆದುಕೊಂಡೆ. ಬರಿಗಾಲಿಗೆ ಹಾವಸೆ ತಣ್ಣಗೆ ತಾಗಿತು. ಕೆಳಗೆ ನೋಡಲಿಲ್ಲ. ಅಂಗೈಯಿಂದ ಜೀಪಿನ ಮೈ ಸವರುತ್ತಾ ಹೆಜ್ಜೆ ಸರಿಸಿ, ಬಾನೆಟ್ಟಿನ ಮೇಲೆ ಮಂಡಿಯೂರಿ ದಾಟಿ, ಆಚೆ ರಸ್ತೆಗೆ ಇಳಿದೆ.

ಗಾಜಿನೊಳಗಿಂದ ಎರಡು ಮುಖ ನನ್ನನ್ನೇ ನೋಡುತ್ತಿದ್ದವು. ಪಾಪ ಅನ್ನಿಸಿತು. ಹತ್ತಿರ ಹೋಗಿ ಹಿಡಿ ಎತ್ತಿ ಮೊಣಕಾಲಿನಿಂದ ಗುದ್ದಿದೆ. ಬಾಗಿಲು ತೆರೆಯಿತು.

"ನಾನು ಮೇಲೆ ಹೋಗ್ತಿದೀನಿ," ಅಂದೆ.

"ಇರು ಇರು. ಮೊದ್ಲು ಇದನ್ನ ಹಿಂದಿನಿಂದ ಎತ್ಬೇಕು," ಅಂದ ಅಣ್ಣ, ಒಂದು ಕಾಲು ಹೊರಗಿಟ್ಟು.

"ಹಿಂದಿನಿಂದ ಯಾಕೆ? ಮುಂದಿನಿಂದ ತಳ್ಳಿದ್ರೆ ಸಾಕು," ಅಂದರು ಗಂಡ ಒಳಗಿನಿಂದಲೇ.

ಅಣ್ಣನ ಕಾಲು ಅಲ್ಲೇ ನಿಂತಿತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಮೊದಲ ತಿರುವಿನವರೆಗೂ ಅವರ ದನಿ ಕೇಳಿಸುತ್ತಿತ್ತು.

ಡಾಂಬರು ಮುಗಿದು ಕಲ್ಲುದಾರಿ ಬಂತು. ನಡೆದೆ, ಓಡಿದೆ, ಪಕ್ಕೆ ಹಿಡಿದುಕೊಂಡು ಮತ್ತೆ ನಡೆದೆ. ಹನಿ ಬೀಳಲು ಶುರುವಾಯಿತು. ಗೇಟು ಕಣ್ಣಿಗೆ ಕಂಡಾಗ ಸೈರನ್ ಕೂಗಿತು. ಅದು ಗುಡ್ಡವೆಲ್ಲ ಕೂಗಿ ಮುಗಿಯುವವರೆಗೂ ನಾನು ರಸ್ತೆ ಮಧ್ಯೆ ನಿಂತು ಅತ್ತೆ. ಆಗಿದ್ದಾಗಲಿ ಅಂತ ಸೆರಗಿನಿಂದ ಮುಖ ಒರೆಸಿಕೊಂಡು ಗೇಟಿಗೆ ಹೋದೆ.

ಇಂಜಿನಿಯರ್ ಮೇಡಂ ಕಚೇರಿಯ ಜೀಪಿನ ಪಕ್ಕ ಚೀಲ ಹಿಡಿದು ನಿಂತಿದ್ದರು.

"ಗಾಡಿ ಎಲ್ಲಿ?" ಅಂದರು.

"ಸೇತುವೆ ಮೇಲೆ ಅಡ್ಡ ಸಿಕ್ಕಿದೆ ಮೇಡಂ. ಮುಂದಿನೆರಡು ಟೈರಿಗೆ ಗೀರು ಹಾಕಿದ್ರು, ಹಿಂದಿನೆರಡಕ್ಕೆ ಹಾಕಿರ್ಲಿಲ್ಲ."

ಅವರ ಹುಬ್ಬು ಮೇಲೇರಿತು. "ಅಂಥ ಕೆಲಸ ಯಾರಾದ್ರೂ ಮಾಡ್ತಾರಾ?"

"ನಮ್ಮನೇಲಿ ಮಾಡ್ತಾರೆ."

ಅವರು ನನ್ನನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿದರು. ಒದ್ದೆ ಬಟ್ಟೆ, ಮಂಡಿಗೆಲ್ಲ ಹಾವಸೆ, ತರಚಿದ ಅಂಗೈ. ಆಮೇಲೆ ಕೀ ಚಾಚಿದರು. "ನಾನೂ ಕೆಳಗೆ ಹೋಗ್ಬೇಕು, ದಾರಿ ಬಿಡಿಸಿದ್ರೆ ತಾನೇ ಹೋಗೋದು. ಹಿಂದೆ ಸರಪಳಿ ಇದೆ. ನೀವೇ ಓಡಿಸಿ."

ಓಡಿಸಿದೆ. ಕಲ್ಲಿನ ಮೇಲೆ ಹೇಗೆ ಇಳಿಸಿದೆ, ಡಾಂಬರಿನ ಮೇಲೆ ಎಲ್ಲಿ ಗೇರ್ ಇಳಿಸಿದೆ ಅಂತ ಅವರು ನೋಡುತ್ತಿದ್ದರು. ಏನೂ ಮಾತಾಡಲಿಲ್ಲ. ಪಕ್ಕದ ಸೀಟಿನಲ್ಲಿ ಒಬ್ಬರು ಸುಮ್ಮನೆ ಕೂರಬಹುದು ಅನ್ನುವುದೇ ನನಗೆ ಮರೆತುಹೋಗಿತ್ತು.

ಸೇತುವೆಯ ಮೇಲೆ ನಮ್ಮ ಜೀಪು ಹಾಗೇ ಇತ್ತು. ಹೊರಗೆ ಯಾರೂ ಕಾಣಲಿಲ್ಲ. ಓಡಿ ಹೋಗಿ ನೋಡಿದರೆ ಇಬ್ಬರೂ ಒಳಗೇ ಇದ್ದಾರೆ! ಮಳೆ ಬಂತೆಂದು ಒಳಗೆ ಸೇರಿಕೊಂಡು, ನೆನೆಯಬಾರದೆಂದು ಬಾಗಿಲನ್ನು ಭದ್ರವಾಗಿ ಎಳೆದುಕೊಂಡಿದ್ದಾರೆ. ನನ್ನ ಕಿಟಕಿ ತೆರೆದೇ ಇತ್ತು, ಸೀಟು ನೆನೆಯುತ್ತಿತ್ತು. ಅಷ್ಟು ಸಣ್ಣ ಕಿಟಕಿಯಲ್ಲಿ ಇಬ್ಬರ ಹೊಟ್ಟೆಯೂ ಹಿಡಿಯುವ ಹಾಗಿರಲಿಲ್ಲ.

ಎರಡನೇ ಸಲ ಬಾಗಿಲಿಗೆ ಗುದ್ದಿದೆ. ಯಾರೂ ನನ್ನ ಮುಖ ನೋಡದೆ ಇಳಿದರು. ಸರಪಳಿ ಬಿಗಿದು ನಮ್ಮ ಜೀಪಿನ ಮೂತಿಯನ್ನು ಗೋಡೆಯಿಂದ ಎಳೆದೆ. ಮೇಲಿನ ದಡಕ್ಕೆ ತಂದು, ತಿರುಗಿಸಿ, ಅದರ ಮುಖವನ್ನು ಕೆಳಗಿನ ದಾರಿಗೆ ಮಾಡಿ ನಿಲ್ಲಿಸಿದೆ.

ಇಂಜಿನಿಯರ್ ಮೇಡಂ ಕಚೇರಿಯ ಜೀಪಿನ ಟೈರನ್ನು ಕಾಲಿನಿಂದ ತಟ್ಟಿದರು. "ಇದಕ್ಕೂ ಹೊಸದು ಬರ್ತಾ ಇದೆ. ಗೀರು ಹಾಕಿಸೋದಾ, ಬೇಡ್ವಾ?"

"ಹಾಕಿಸ್ಬೇಕು ಮೇಡಂ!" ಅಂದರು ನನ್ನ ಗಂಡ.

"ಖಂಡಿತ ಬೇಡ ಮೇಡಂ!" ಅಂದ ಅಣ್ಣ.

"ನಾನು ಡ್ರೈವರನ್ನ ಕೇಳಿದ್ದು," ಅಂದರು ಮೇಡಂ.

ಇಬ್ಬರೂ ಯಾವ ಡ್ರೈವರ್ ಅಂತ ಆಚೆ ಈಚೆ ನೋಡಿದರು. ನನಗೂ ಒಂದು ಕ್ಷಣ ಬೇಕಾಯಿತು.

"ಬೇಡ ಮೇಡಂ," ಅಂದೆ. "ಈ ಗಾಡಿ ಹೆಚ್ಚು ತಿರುಗೋದು ಮೇಲಿನ ಕಲ್ಲಲ್ಲಿ, ಗೀರು ಹಾಕಿದ್ರೆ ಕಿತ್ತು ಬರುತ್ತೆ. ಡಾಂಬರಲ್ಲಿ ನಿಧಾನ ಓಡಿಸ್ತೀನಿ. ಅದು ನನ್ನ ಜವಾಬ್ದಾರಿ."

"ಆಯ್ತು, ಬೇಡ," ಅಂದು ಅವರು ಹತ್ತಿ ಕೂತರು. ಅಷ್ಟೇ. ನಾನು ಹೇಳಿದ ಮಾತು ಹೇಳಿದ ಹಾಗೇ ನಡೆಯಿತು.

ಅಣ್ಣ ಗೆದ್ದೆ ಅಂತ ಕುಣಿಯುತ್ತಾನೆ ಅಂದುಕೊಂಡಿದ್ದೆ. ಕುಣಿಯಲಿಲ್ಲ. ನಾನು ಕಚೇರಿಯ ಜೀಪು ಹತ್ತಿ ಸ್ಟೇರಿಂಗ್ ಹಿಡಿದು ನೋಡಿದರೆ, ಇಬ್ಬರೂ ಮಳೆಯಲ್ಲಿ ಹತ್ತಿರ ಹತ್ತಿರ ನಿಂತಿದ್ದರು.

"ಹಾಗಾದ್ರೆ ನೀನು ಬರಲ್ವಾ?" ಅಂದರು ನನ್ನ ಗಂಡ.

"ರಜೆ ದಿನ ಬರ್ತೀನಿ."

"ಅಲ್ಲೀತನಕ..." ಅಂದ ಅಣ್ಣ. "ಅಲ್ಲೀತನಕ ನಮ್ಗೆ ಯಾರು ಹೇಳ್ತಾರೆ ಪುಟ್ಟಿ?"

ಇನ್ನೊಂದು ಗಳಿಗೆ ನಿಂತಿದ್ದರೆ ಇಳಿದು ಹೋಗಿ ಇಬ್ಬರ ನಡುವೆ ಕೂತು ಮನೆಗೆ ಹೋಗಿಬಿಡುತ್ತಿದ್ದೆ, ದೇವರಾಣೆ.

"ಮೊದ್ಲು ಆ ಬಾಗಿಲು ಒಳಗಿಂದ ತೆಗೆಯೋ ಹಾಗೆ ಮಾಡಿ," ಅಂದೆ. "ಹೇಗಾದ್ರೂ ಮಾಡಿ. ಮಾಡಿ, ಅಷ್ಟೇ."

"ಲಾಕ್ ಬದಲಾಯಿಸಿದ್ರೆ ಸರಿಹೋಗುತ್ತೆ," ಅಂದರು ಗಂಡ.

"ಲಾಕ್ ಯಾಕೆ? ಒಂದು ಸ್ಪ್ರಿಂಗ್ ಸಾಕು," ಅಂದ ಅಣ್ಣ.

ಮಾತು ಏರಿತು. ಆಮೇಲೆ ಇಬ್ಬರೂ ಒಟ್ಟಿಗೇ ನನ್ನ ಕಡೆಗೆ ತಿರುಗಿದರು.

"ಇವಳೇ, ಹೌದಲ್ವೇನೇ?"

ನಾನು ಕಿಟಕಿಯ ಗಾಜು ಏರಿಸಿ ಗೇರ್ ಹಾಕಿದೆ.